ಗೃಹಸ್ಥರ ಕಾಗದಗಳು: ಅಟ್ಟದ ಮೇಲಿನ ತೋಟಾ ಡಬ್ಬಿ

ಸಿಂಧನೂರು ತಾಲೂಕಿನ ಗೃಹಸ್ಥರೊಬ್ಬರು ಹೋದ ತಿಂಗಳು ನಮಗೊಂದು ಕಾಗದ ಬರೆದಿದ್ದರು. ಲಿಂಗಸುಗೂರಿನ ಕಡೆಯ ಹಳ್ಳಿಯಲ್ಲಿ ಅವರ ಪೂರ್ವಿಕರ ಮನೆಯುಂಟು. ಅಣ್ಣತಮ್ಮಂದಿರು ಕೂಡಿ ಅದನ್ನು ಬಿಚ್ಚಿಸಹೋದಾಗ ಅಟ್ಟದ ಮೇಲೆ ಕಂಬಳಿಯಲ್ಲಿ ಸುತ್ತಿಟ್ಟ ಜೋಡುನಳಿಗೆಯ ರೈಫಲು ಸಿಕ್ಕಿತು. ಅದರೊಡನೆ ಒಂದು ತಗಡಿನ ಡಬ್ಬಿ. ಡಬ್ಬಿಯಲ್ಲಿ ಎಣ್ಣೆಕಾಗದದೊಳಗೆ ಒಂಬತ್ತು ತೋಟಾಗಳು. ಲಿಂಗಸುಗೂರಿನ ದಂಡು ಎದ್ದುಹೋಗುವ ಕಾಲಕ್ಕೆ ತಮ್ಮ ಮುತ್ತಜ್ಜನವರು ಒಬ್ಬ ಬಿಳಿಯ ಅಧಿಕಾರಿಯಿಂದ ಇದನ್ನು ಕೊಂಡರೆಂಬುದು ಮನೆಯ ಮಾತು. ರೈಫಲಿನ ಮೇಲೆ 500 ಎಂದು ಕೊರೆದಿದೆ. ತೋಟಾಗಳ ತಳದಲ್ಲಿಯೂ 500 ಎಂದೇ ಇದೆ. ಹಿರಿಯ ಮಗನು ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿರುವವನು. ಹಳೆಯ ವಸ್ತುವೆಂದು ಮಾರಿದರೆ ಒಳ್ಳೆಯ ಬೆಲೆ ಬಂದೀತೆಂದು ಅವನ ಅಭಿಪ್ರಾಯ. ಕಿರಿಯನು ಮನೆಯಲ್ಲಿದ್ದು ಭತ್ತ ಬೆಳೆಯುವವನು; ಹಂದಿಗಳ ಕಾಟಕ್ಕೆ ಇದೇ ಔಷಧವೆಂದು ಅವನ ಹಟ. ಅವನು ರೈಫಲನ್ನು ಮುರಿದು ಒಂದು ತೋಟಾವನ್ನು ನಳಿಗೆಯಲ್ಲಿಟ್ಟು ನೋಡಿದ್ದೂ ಆಯಿತು. “ಬೆರಳಿಗೆ ಉಂಗುರ ಕೂತಂತೆ ಕೂತಿತು” ಎಂದು ಗೃಹಸ್ಥರು ಸಂತೋಷದಿಂದಲೇ ಬರೆದಿದ್ದಾರೆ. ಇನ್ನು ಅವರ ಪ್ರಶ್ನೆಗಳು: ಇದು ಎಂಥ ತೋಟಾ? ಆನೆ, ಹುಲಿ, ಕಾಡುಕೋಣಗಳಿಗೆಂದು ಮಾಡಿದ ಬೇರೆ ದೊಡ್ಡ ತೋಟಾಗಳೊಡನೆ ಹೋಲಿಸಿದರೆ ಇದರ ಬಲವೆಷ್ಟು? ಹಂದಿಗೆ ನಡೆದೀತೆ?

ಈ ಅಂಕಣದಲ್ಲಿ ಉತ್ತರ ಅಚ್ಚಾಗಿ ಬರುವವರೆಗೆ ಕಾಯುವ ಕಾಗದ ಇದಲ್ಲವೆಂದು ಕಂಡು, ಓದಿದ ಗಳಿಗೆಯಲ್ಲಿಯೇ ಅವರಿಗೆ ದೂರವಾಣಿ ಮಾಡಿ, ತೋಟಾವನ್ನು ನಳಿಗೆಯಿಂದ ತೆಗೆಯಿಸಿರಿ, ಯಾವ ಕಾರಣಕ್ಕೂ ಹಾರಿಸಗೊಡಬೇಡಿರಿ ಎಂದು ಹೇಳಿದೆವು. ಏಕೆಂಬುದನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತೇವೆ. ಇಂಥ ಡಬ್ಬಿಗಳು ಆ ಸೀಮೆಯಲ್ಲಿ ಅವರೊಬ್ಬರ ಮನೆಯಲ್ಲಿಯೇ ಇರುವವೆಂದು ನಮಗೆ ತೋರುವುದಿಲ್ಲ.

ಲಿಂಗಸುಗೂರು ಈಗ ರಾಯಚೂರು ಜಿಲ್ಲೆಯ ಒಂದು ತಾಲೂಕಿನ ಊರಾದರೂ, 1905ರವರೆಗೆ ತಾನೇ ಒಂದು ಜಿಲ್ಲೆಯಾಗಿತ್ತು. ಹೈದರಾಬಾದು ಕಂಟಿಂಜೆಂಟೆಂಬ ಸೈನ್ಯದ ತುಕಡಿ ಅಲ್ಲಿ ಠಾಣೆ ಹಾಕಿತ್ತು. ಆ ಸೈನ್ಯವನ್ನು 1903ರಲ್ಲಿ ಇಂಡಿಯಾದ ಸೈನ್ಯದಲ್ಲಿ ಕೂಡಿಸಿಬಿಟ್ಟರು. ಇಂಥ ಠಾಣೆಯ ಅಧಿಕಾರಿಗೆ ವಿರಾಮಕಾಲದ ಕೆಲಸವೆಂದರೆ ಬೇಟೆ. ಊರು ಬಿಡುವಾಗ ಕುದುರೆ, ಕುರ್ಚಿ, ಬಂದೂಕುಗಳನ್ನು ಊರಿನ ಅನುಕೂಲಸ್ಥರಿಗೆ ಮಾರಿಹೋಗುವುದು ರೂಢಿ. ಆದುದರಿಂದ ಮನೆಯ ಮಾತು ನಿಜವಿರಬಹುದು.

ಇನ್ನು 500 ಎಂದರೇನು? ಅಂಗುಲದ ಸಾವಿರ ಭಾಗಗಳಲ್ಲಿ ಐನೂರು, ಅಂದರೆ ನಳಿಗೆಯ ಬಾಯಿ ಅರ್ಧ ಅಂಗುಲ. ಆದರೆ ಈ ಲೆಕ್ಕ ಬರುವುದಕ್ಕೆ ಮುಂಚೆ ಬೇರೊಂದು ಲೆಕ್ಕವಿತ್ತು. ಅದನ್ನು ತಿಳಿಯದಿದ್ದರೆ ಹಳೆಯ ಬಂದೂಕುಗಳ ಮಾತೇ ಅರ್ಥವಾಗದು. ಒಂದು ಪೌಂಡು ಸೀಸದಿಂದ ನಳಿಗೆಯ ಅಳತೆಗೆ ಸರಿಯಾಗುವ ಎಷ್ಟು ದುಂಡು ಗುಂಡುಗಳಾಗುವವೋ ಅಷ್ಟು ಬೋರಿನ ಬಂದೂಕು. ಹನ್ನೆರಡಾದರೆ ಹನ್ನೆರಡು ಬೋರು. ಇದು ನಮ್ಮ ಕಡೆ ಎಲ್ಲರೂ ಬಲ್ಲ ಚರೆಬಂದೂಕು. ಎಂಟಾದರೆ ಎಂಟು ಬೋರು, ನಾಲ್ಕಾದರೆ ನಾಲ್ಕು ಬೋರು. ಅಂಕೆ ಇಳಿದಷ್ಟೂ ಗುಂಡು ಏರುತ್ತದೆ. ನಾಲ್ಕು ಬೋರಿನ ಗುಂಡು ಕಾಲು ಪೌಂಡು. ತೊಲದ ಲೆಕ್ಕ ನಮ್ಮ ಗೃಹಿಣಿಯರಿಗೆ ಚೆನ್ನಾಗಿ ಗೊತ್ತಲ್ಲ. ಹಳೆಯ ತೊಲಕ್ಕೆ 180 ಗ್ರೇನು ತೂಕ. ಆ ಲೆಕ್ಕದಿಂದ ನಾಲ್ಕು ಬೋರಿನ ಒಂದು ಗುಂಡು ಹತ್ತು ತೊಲಕ್ಕೆ ಸ್ವಲ್ಪವೇ ಕಡಿಮೆ!

ಮೈಸೂರು ಸೀಮೆಯಲ್ಲಿ 1874ರಲ್ಲಿ ಖೆಡ್ಡಾ ಹೂಡಿ ಆನೆ ಹಿಡಿಸಿದ ಸ್ಯಾಂಡರ್‌ಸನ್ ಎಂಬ ಅಧಿಕಾರಿಯು ಇಂಥ ನಾಲ್ಕು ಬೋರು, ಎಂಟು ಬೋರುಗಳನ್ನೇ ಆನೆಯ ಬೇಟೆಗೆ ಹಿಡಿಯುತ್ತಿದ್ದನು. ಚಾಮರಾಜನಗರದ ಕಾಡುಗಳ ಅವನ ಅನುಭವವೆಲ್ಲ 1878ರಲ್ಲಿ ಪುಸ್ತಕವಾಗಿ ಬಂದಿದೆ. ಕಪ್ಪು ಮದ್ದಿನ ಕಾಲದಲ್ಲಿ ಗುಂಡಿನ ವೇಗವನ್ನು ಬಹಳ ಹೆಚ್ಚಿಸುವಂತಿರಲಿಲ್ಲ. ಆದುದರಿಂದ ಬಲ ಬೇಕಾದರೆ ತೂಕವನ್ನೇ ಹೆಚ್ಚಿಸಬೇಕು. ತೂಕ ಹೆಚ್ಚಿದಂತೆ ಬಂದೂಕು ಭಾರವಾಗಿ, ಹಿಡಿದವನ ಹೆಗಲಿಗೆ ಒದೆತವೂ ಹೆಚ್ಚುತ್ತದೆ. ಸ್ಯಾಮ್ಯುಯೆಲ್ ಬೇಕರನೆಂಬ ಪ್ರಸಿದ್ಧ ಬೇಟೆಗಾರನ ಹತ್ತಿರ ಅರ್ಧ ಪೌಂಡಿನ ಗುಂಡು ಹಾರಿಸುವ ಎರಡು ಬೋರಿನ ಬಂದೂಕಿತ್ತು; ಅದು ತನ್ನನ್ನು ಗಾಳಿಕೋಳಿಯಂತೆ ತಿರುಗಿಸುತ್ತಿದ್ದುದರಿಂದ ಅದನ್ನು ಮುಟ್ಟಲು ತನಗೇ ಹೆದರಿಕೆಯೆಂದು ಅವನೇ ಒಪ್ಪಿಕೊಂಡಿದ್ದಾನೆ. ಆನೆಗಿಂತ ಮೊದಲು ಹೊಡೆಯುವವನೇ ಬೀಳುವ ಸ್ಥಿತಿ!

ಇದಕ್ಕೆ ಪರಿಹಾರವಾಗಿ ಹುಟ್ಟಿದ್ದು ಎಕ್ಸ್‌ಪ್ರೆಸ್ ರೈಫಲು. ಲಂಡನ್ನಿನ ಪರ್ಡಿ ಎಂಬ ಬಂದೂಕುಗಾರನು 1856ರಲ್ಲಿ ಗುಂಡನ್ನು ಹಗುರ ಮಾಡಿ, ಮದ್ದನ್ನು ಹೆಚ್ಚಿಸಿ, ವೇಗವನ್ನು ಏರಿಸಿದನು. ಆಗ ಹೊಸದಾಗಿ ಓಡುತ್ತಿದ್ದ ಎಕ್ಸ್‌ಪ್ರೆಸ್ ರೈಲಿನ ಹೆಸರನ್ನೇ ಅದಕ್ಕೆ ಇಟ್ಟನು. ಈ ಜಾತಿಯಲ್ಲಿ 500 ಎಕ್ಸ್‌ಪ್ರೆಸ್ ಇಂಡಿಯಾದಲ್ಲಿ ಬಹಳ ಬಳಕೆಗೆ ಬಂದಿತು. ಹಿತ್ತಾಳೆಯ ಕೊಳವಿಯ ಉದ್ದ ಮೂರು ಅಂಗುಲ. ಅದರಲ್ಲಿ ಕಪ್ಪು ಮದ್ದು. ಮೇಲೆ ಎರಡು ಎರಡೂವರೆ ತೊಲದೊಳಗಿನ ಸೀಸದ ಗುಂಡು. ಹುಲಿಗೆ ಇದು ಬಲು ಚೆನ್ನಾಗಿ ಒದಗಿತು. ಆದರೆ ಕಾಡುಕೋಣದಂಥ ಟನ್ ತೂಕದ ಪ್ರಾಣಿಗೆ ಹೊಡೆದರೆ ಮೆದು ಗುಂಡು ಚರ್ಮದಡಿಯಲ್ಲಿಯೇ ಒಡೆದು ಚೂರಾಗಿ, ಗಾಯಗೊಂಡ ಕೋಣ ತಿರುಗಿ ಬರುತ್ತಿತ್ತು.

ನಮ್ಮ ಗೃಹಸ್ಥರ ರೈಫಲು ಈ ಕಾಲದ್ದೆಂದು ನಮ್ಮ ಊಹೆ. ದಂಡು ಎದ್ದ ಕಾಲಕ್ಕೆ ಹಳತಾಗಿ, ಮಾರಾಟಕ್ಕೆ ಬಂದಿರತಕ್ಕದ್ದು ಇಂಥದೇ. ಆದರೆ ತೋಟಾಗಳು?

ಇಲ್ಲಿ ಕಥೆ ತಿರುಗುತ್ತದೆ. 1889ರಲ್ಲಿ ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಹೊರಟಿತು. ನೋಡುವುದಕ್ಕೆ ಶಾವಿಗೆಯ ಎಳೆಗಳಂತೆ. ಬಲ ಮಾತ್ರ ಕಪ್ಪು ಮದ್ದಿಗೆ ಅನೇಕ ಪಟ್ಟು. 1898ರಲ್ಲಿ ರಿಗ್ಬಿ ಎಂಬ ಬಂದೂಕುಗಾರನು ಹಳೆಯ 450 ಎಕ್ಸ್‌ಪ್ರೆಸ್ಸಿನ ಕೊಳವಿಯಲ್ಲಿಯೇ 70 ಗ್ರೇನು ಕಾರ್ಡೈಟು ತುಂಬಿ, ನಿಕ್ಕಲ್ಲಿನ ಕವಚ ತೊಡಿಸಿದ 480 ಗ್ರೇನಿನ ಗುಂಡನ್ನಿಟ್ಟು, ನೈಟ್ರೋ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟನು. ಸೆಕೆಂಡಿಗೆ 2,150 ಅಡಿ ವೇಗ. ನಾಲ್ಕು ಬೋರಿನ ಫಿರಂಗಿಯಂಥ ಬಂದೂಕಿನಿಂದ ಆಗುತ್ತಿದ್ದ ಕೆಲಸ, ಒಬ್ಬನು ಹೆಗಲಿಗೆ ಹಾಕಿಕೊಂಡು ದಿನವಿಡೀ ನಡೆಯಬಹುದಾದ ರೈಫಲಿನಿಂದ ಆಗತೊಡಗಿತು. ಬೇರೆಯವರೂ ಸುಮ್ಮನಿರಲಿಲ್ಲ. 500 ಎಕ್ಸ್‌ಪ್ರೆಸ್ಸಿನ ಅದೇ ಮೂರಂಗುಲದ ಕೊಳವಿಯಲ್ಲಿ ಕಾರ್ಡೈಟು ತುಂಬಿ, 570 ಗ್ರೇನಿನ, ಅಂದರೆ ಮೂರು ತೊಲಕ್ಕೂ ಮಿಕ್ಕ ಗುಂಡನ್ನಿಟ್ಟು 500 ನೈಟ್ರೋ ಮಾಡಿದರು.

ವಾಚಕರು ಈ ಮಾತನ್ನು ಎರಡು ಸಲ ಓದಬೇಕು: ಅದೇ ಕೊಳವಿ. ಅದೇ ಉದ್ದ, ಅದೇ ದಪ್ಪ, ತಳದಲ್ಲಿ ಅದೇ ಅಂಚು. ಕಪ್ಪು ಮದ್ದಿನ ಹಳೆಯ ರೈಫಲಿನಲ್ಲಿ ಹೊಸ ನೈಟ್ರೋ ತೋಟಾ ಯಾವ ಅಡ್ಡಿಯೂ ಇಲ್ಲದೆ ಕೂರುತ್ತದೆ. ಉಂಗುರ ಕೂತಂತೆಯೇ ಕೂರುತ್ತದೆ. ಹಳೆಯದರ ಬಲ ಸುಮಾರು 2,800 ಅಡಿ-ಪೌಂಡು, ಹೊಸದರದು 5,850. ಮೊದಲಿನದನ್ನು ತಾಳಲೆಂದು ಮಾಡಿದ ನಳಿಗೆ ಎರಡನೆಯದನ್ನು ತಾಳಬೇಕೆಂಬ ನಿಯಮವೇನೂ ಇಲ್ಲ. ಒಂದೆರಡು ಸಲ ತಾಳಿದರೂ ತಾಳೀತು. ಮೂರನೆಯ ಸಲ ಬಂದೂಕುಧಾರಿಯ ಎಡಗೈ ಎಲ್ಲಿರುತ್ತದೋ ಅಲ್ಲಿಯೇ ಒಡೆದೀತು. ಈ ಎರಡರ ಮಧ್ಯದಲ್ಲಿ, ಹಳೆಯ ರೈಫಲುಗಳಿಗೆಂದೇ ಹಗುರವಾಗಿ ಕಾರ್ಡೈಟು ತುಂಬಿದ ಮೂರನೆಯ ತೋಟಾವೊಂದು ಬೇರೆ ಇತ್ತು. ಮೂರಕ್ಕೂ ಹೊರಗಿನ ರೂಪ ಒಂದೇ. ಗುಂಡಿನ ತುದಿ ಬರಿಯ ಸೀಸವೋ, ಕವಚವುಳ್ಳದ್ದೋ ಎಂಬುದನ್ನೂ ಪೆಟ್ಟಿಗೆಯ ಮೇಲಿನ ಚೀಟಿಯನ್ನೂ ನೋಡಿ ತಿಳಿಯಬೇಕಲ್ಲದೆ, ತಳದ ಅಂಕೆಯೊಂದನ್ನೇ ನಂಬಿದರೆ ಕೆಟ್ಟಂತೆಯೇ. ತಮ್ಮ ತೋಟಾಗಳ ಗುಂಡು ಬೆಳ್ಳಗೆ ಹೊಳೆಯುತ್ತದೆ, ತುದಿ ದುಂಡಗಿದೆ ಎಂದು ಗೃಹಸ್ಥರು ದೂರವಾಣಿಯಲ್ಲಿ ಹೇಳಿದಾಗ ನಮ್ಮ ಎದೆ ಧಸಕ್ಕೆಂದಿತು. ಅದು ನಿಕ್ಕಲ್ಲಿನ ಕವಚ.

ಅಂಕೆಗಳ ಈ ಗೊಂದಲಕ್ಕೆ ಇನ್ನೊಂದು ಕಾರಣವುಂಟು; ಅದು ನಮ್ಮ ದೇಶದಿಂದಲೇ ಹುಟ್ಟಿದ್ದು. ಆಗಿನ ಸೈನ್ಯದ ಮಾರ್ಟಿನಿ-ಹೆನ್ರಿ ಬಂದೂಕಿನ ಬಾಯಿಯೂ 450. ಬೇಟೆಯ 450 ತೋಟಾಗಳಿಂದ ಗುಂಡು ಕಿತ್ತು ದಂಗೆಕೋರರು ತಮ್ಮ ಕೈಗೆ ಬಿದ್ದ ಆ ಬಂದೂಕುಗಳಿಗೆ ಬಳಸಿಯಾರೆಂದು ಹೆದರಿ, 1907ರಲ್ಲಿ ಬ್ರಿಟಿಷ್ ಸರಕಾರವು ಇಂಡಿಯಾ ಮತ್ತು ಸುದಾನಗಳಿಗೆ 450ರ ಆಮದನ್ನು ನಿಲ್ಲಿಸಿತು. ಮದ್ದುಗುಂಡಿನ ವಿಷಯದಲ್ಲಿ ಆ ಸರಕಾರದ ಹೆದರಿಕೆ ಹಳೆಯದು. 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆ ಬಂದಾಗ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸೆವೆಂದು ತಿರುಗಿಬಿದ್ದು ಪ್ರಾಣ ತೆತ್ತ ಸಂಗತಿಯನ್ನು ನಮ್ಮ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅದಿರಲಿ, 450 ನಿಂತಿತೆಂದು ಲಂಡನ್ನಿನ ಬಂದೂಕುಗಾರರು ವ್ಯಾಪಾರ ಬಿಡುವರೆ? ಕೂದಲೆಳೆಯಷ್ಟು ಹೆಚ್ಚು ಮಾಡಿ ಒಬ್ಬನು 465 ಎಂದನು, ಇನ್ನೊಬ್ಬನು 470 ಎಂದನು, ಮತ್ತೊಬ್ಬನು 475, ಮಗುದೊಬ್ಬನು 476. ಬಲದಲ್ಲಿ ಇವುಗಳೆಲ್ಲ ಒಂದೇ ತಾಯಿಯ ಮಕ್ಕಳು. ಯಾವುದು ಮೇಲೆಂದು ಬೇಟೆಗಾರರು ವಾದ ಮಾಡಿದ ಕಾಗದಗಳನ್ನು ಕೂಡಿಸಿದರೆ ಒಂದು ಗಾಡಿಯ ಹೊರೆಯಾದೀತು. ನಮ್ಮ ಮಟ್ಟಿಗೆ ಅವುಗಳಲ್ಲಿ ಆರಿಸುವುದೇನೂ ಇಲ್ಲ.

ಈಗ ಬಲಾಬಲದ ಮಾತು. ಅಡಿ-ಪೌಂಡು ಎಂದರೆ ಒಂದು ಪೌಂಡು ಭಾರವನ್ನು ಒಂದಡಿ ಮೇಲೆತ್ತುವ ಶಕ್ತಿ. ಸಿಂಧನೂರಿನವರಿಗೆ ತಿಳಿಯುವಂತೆ ಹೇಳಬೇಕಾದರೆ 75 ಕಿಲೋ ಭತ್ತದ ಚೀಲವನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನಲ್ಲಿ ನೆಲೆಸಿ, ನರಭಕ್ಷಕ ಹುಲಿಚಿರತೆಗಳ ಬೇಟೆಯಿಂದ ಹೆಸರಾದ ಕೆನೆತ್ ಆಂಡರ್‌ಸನ್ನರ (1910–1974) ಮೆಚ್ಚಿನ ರೈಫಲು 405 ವಿಂಚೆಸ್ಟರು. ಅದರ 300 ಗ್ರೇನಿನ ಗುಂಡಿನ ಶಕ್ತಿ 3,200 ಅಡಿ-ಪೌಂಡು. ಅಂದರೆ ಭತ್ತದ ಚೀಲವನ್ನು ಹತ್ತೊಂಬತ್ತು ಅಡಿ ಎತ್ತುವಷ್ಟು. 1912ರಲ್ಲಿ ಹಾಲೆಂಡ್ ಆಂಡ್ ಹಾಲೆಂಡ್ ಕಂಪನಿಯವರು ಹೊರಡಿಸಿದ 375 ಮ್ಯಾಗ್ನಮ್ಮಿಗೂ ಗುಂಡು 300 ಗ್ರೇನೇ. ವೇಗ ಹೆಚ್ಚಾದ್ದರಿಂದ ಚೀಲ ಇಪ್ಪತ್ತಾರು ಅಡಿ ಏರುತ್ತದೆ. 450, 470ರ ತಂಡ ಮತ್ತು 1911ರ 416 ರಿಗ್ಬಿ ಮೂವತ್ತಡಿಯ ಸುತ್ತಮುತ್ತ. ನಮ್ಮ ಡಬ್ಬಿಯ 500 ನೈಟ್ರೋ ಮೂವತ್ತೈದು ಅಡಿ. 577 ನೈಟ್ರೋ ನಾಲ್ವತ್ತೆರಡು. 600 ನೈಟ್ರೋದ ಗುಂಡು 900 ಗ್ರೇನು, ಸರಿಯಾಗಿ ಐದು ತೊಲ. ಅದು ನಾಲ್ವತ್ತಾರು ಅಡಿ ಎತ್ತುತ್ತದೆ.

ಆದರೆ ಭತ್ತದ ಚೀಲ ತಿರುಗಿ ಮೈಮೇಲೆ ಬರುವುದಿಲ್ಲ. ಬೇಟೆಗಾರನಿಗೆ ಬೇಕಾದುದು ಬರುವ ಪ್ರಾಣಿಯನ್ನು ಅಲ್ಲಿಯೇ ನಿಲ್ಲಿಸುವ ಪೆಟ್ಟು. ಜಾನ್ ಟೇಲರನೆಂಬ ಆಫ್ರಿಕದ ಬೇಟೆಗಾರನು 1948ರ ತನ್ನ ಪುಸ್ತಕದಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟನು: ಗುಂಡಿನ ತೂಕ, ವೇಗ, ವ್ಯಾಸ ಮೂರನ್ನೂ ಗುಣಿಸಿ ಏಳು ಸಾವಿರದಿಂದ ಭಾಗಿಸುವುದು. ಈ ಲೆಕ್ಕದಲ್ಲಿ 375ಕ್ಕೆ 40, 416ಕ್ಕೆ 57, 470ಕ್ಕೆ 73, 577ಕ್ಕೆ 128, 600ಕ್ಕೆ 155. ಆನೆಯ ತಲೆಗೆ ತಗಲಿದ ಗುಂಡು ಮೆದುಳನ್ನು ತಪ್ಪಿಸಿದರೂ, ದೊಡ್ಡ ಬೋರಿನದಾದರೆ ಆನೆ ಪ್ರಜ್ಞೆ ತಪ್ಪಿ ಬೀಳುತ್ತದೆ, ಸಣ್ಣದಾದರೆ ಓಡುತ್ತದೆ ಇಲ್ಲವೆ ಓಡಿಸುತ್ತದೆ ಎಂಬುದು ಅವನ ಅನುಭವದ ಸಾರ. ಭೌತವಿಜ್ಞಾನಿಗಳು ಈ ಲೆಕ್ಕವನ್ನು ಒಪ್ಪುವುದಿಲ್ಲ. ಅಂಗುಲವನ್ನು ಪೌಂಡಿನಿಂದ ಗುಣಿಸಿದರೆ ಬರುವುದೇನೆಂದು ಅವರು ಕೇಳುತ್ತಾರೆ, ಕೇಳುವುದು ನ್ಯಾಯವೇ. ಆದರೂ ಆನೆಯ ಎದುರಿಗೆ ನಿಂತವರು ಇಂದಿಗೂ ಅದನ್ನು ಬಿಟ್ಟಿಲ್ಲ.

ಗುಂಡಿನ ಜಾತಿಯೂ ಅಷ್ಟೇ ಮುಖ್ಯ. ಆನೆಯ ತಲೆಬುರುಡೆ ಜೇನುಹುಟ್ಟಿನಂತೆ ಗೂಡುಗೂಡಾದ ಮೂಳೆ. ಅದನ್ನು ಭೇದಿಸಿ ನೆಟ್ಟಗೆ ಹೋಗಲು ಪೂರ್ತಿ ಕವಚದ ಗಟ್ಟಿ ಗುಂಡೇ ಬೇಕು. ಹುಲಿಗೆ ಅದೇ ಗುಂಡನ್ನು ಹೊಡೆದರೆ ಸೂಜಿಯಂತೆ ಆಚೆ ಹೋಗಿಬಿಟ್ಟು, ಹುಲಿಗೆ ಸೇಡು ತೀರಿಸಿಕೊಳ್ಳಲು ಸಮಯ ಕೊಡುತ್ತದೆ. ಅದಕ್ಕೆ ತುದಿ ಅರಳುವ ಮೆದು ಗುಂಡು ತಕ್ಕದ್ದು. ಇನ್ನು ಕೈಯ ಮಾತು ಎಲ್ಲಕ್ಕೂ ಮೇಲು. ಆಫ್ರಿಕದಲ್ಲಿ ಸಾವಿರಕ್ಕೂ ಮಿಕ್ಕಿ ಆನೆ ಹೊಡೆದ ಬೆಲ್ ಎಂಬವನು ಹೆಚ್ಚಿನವುಗಳನ್ನು 275ರಂಥ ಸಣ್ಣ ರೈಫಲಿನಿಂದಲೇ ಉರುಳಿಸಿದನು. ಕುಮಾಊಂ ಸೀಮೆಯ ಜಿಮ್ ಕಾರ್ಬೆಟ್ಟರ ಕೈಯಲ್ಲಿಯೂ 275 ಇರುತ್ತಿತ್ತು. ಅವರಂಥ ಕೈ ಎಲ್ಲರಿಗೂ ಇದೆಯೇ? ಇಲ್ಲದುದರಿಂದಲೇ ದೊಡ್ಡ ಬೋರುಗಳಿಗೆ ಬೆಲೆ. ಆದರೆ ದೊಡ್ಡದರ ಒದೆತಕ್ಕೆ ಹೆದರಿ ಕಣ್ಣು ಮುಚ್ಚಿ ಹೊಡೆಯುವವನಿಗೆ ಐದು ತೊಲದ ಗುಂಡಿಗಿಂತ ಒಂದೂವರೆ ತೊಲದ ಗುಂಡೇ ಲೇಸು. ಎಲ್ಲವನ್ನೂ ತೂಗಿ ನೋಡಿದರೆ, ಒಂದೇ ರೈಫಲಿನಿಂದ ಎಲ್ಲ ಕೆಲಸ ಆಗಬೇಕೆನ್ನುವವನಿಗೆ 375, ದಟ್ಟ ಪೊದೆಯಲ್ಲಿ ಕೋಣವನ್ನೋ ಆನೆಯನ್ನೋ ಹಿಂಬಾಲಿಸಬೇಕಾದವನಿಗೆ 470ರ ಜೋಡುನಳಿಗೆ, ಇವೆರಡೇ ನಮ್ಮ ಬುದ್ಧಿಗೆ ಸರಿತೋರುತ್ತವೆ. ಜೋಡುನಳಿಗೆಯ ಹೆಚ್ಚಳವೆಂದರೆ ಎರಡನೆಯ ಗುಂಡು ಬೆರಳಿನ ತುದಿಯಲ್ಲಿಯೇ ಇರುತ್ತದೆ.

ಸಿಂಧನೂರು, ಮಸ್ಕಿಗಳ ಬೇಸಿಗೆಯನ್ನು ಕಂಡವರಿಗೆ ಇನ್ನೊಂದು ಸಂಗತಿ ಹೇಳಬೇಕು. ಕಾರ್ಡೈಟು ಬಿಸಿಲಿಗೆ ಕಾದಂತೆ ಅದರ ಒತ್ತಡ ಏರುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಸರಿಯಾಗಿ ಸಿಡಿಯುವ ತೋಟಾ ನಮ್ಮ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಅತಿಯಾಗಿ ಸಿಡಿದು, ಕೊಳವಿ ಉಬ್ಬಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಗಾಯಗೊಂಡ ಹುಲಿ ಎದುರಿಗಿರುವಾಗ ಖಾಲಿ ಕೊಳವಿಯನ್ನು ಬೆರಳಿನಿಂದ ಕೀಳುತ್ತ ನಿಲ್ಲುವ ಅವಸ್ಥೆಯನ್ನು ಊಹಿಸಿಕೊಳ್ಳಬಹುದು. ಆದ್ದರಿಂದಲೇ ನೈಟ್ರೋ ಎಕ್ಸ್‌ಪ್ರೆಸ್ಸುಗಳ ಕೊಳವಿ ಅಷ್ಟು ಉದ್ದ: ಸ್ಥಳ ವಿಶಾಲವಾದಷ್ಟು ಒತ್ತಡ ಇಳಿಯುತ್ತದೆ. 416ರ ದಪ್ಪ ಕೊಳವಿಗೂ 375ರ ಓರೆಯಾದ ಕೊಳವಿಗೂ ಇದೇ ಕಾರಣ. ಅಟ್ಟದ ಮೇಲೆ, ಕಾದ ಮಾಳಿಗೆಯ ಕೆಳಗೆ, ಎಂಬತ್ತು ಬೇಸಿಗೆ ಬೆಂದ ಕಾರ್ಡೈಟಿನ ಮಾತು ಇನ್ನೂ ಬೇರೆ. ಅದು ಒಳಗೇ ಕೆಟ್ಟು ಹುಳಿಯಾಗಿ, ಹಿತ್ತಾಳೆಯನ್ನು ತಿಂದು, ಹಸಿರು ಕಿಲುಬು ಹೊರಗೆ ಕಾಣಿಸುತ್ತದೆ. ಅಂಥ ತೋಟಾ ಸಿಡಿಯದೆಯೂ ಇರಬಹುದು. ಕುದುರೆ ಬಿದ್ದ ಮೇಲೆ ಒಂದೆರಡು ಗಳಿಗೆ ಸುಮ್ಮನಿದ್ದು, ಹೊಡೆದವನು ಏನಾಯಿತೆಂದು ಬಂದೂಕು ಮುರಿಯುವಾಗ ಮುಖಕ್ಕೆ ಸಿಡಿಯಲೂಬಹುದು.

ಇಷ್ಟಕ್ಕೂ ಆ ಸೀಮೆಯಲ್ಲಿ ಇಂಥ ತೋಟಾಕ್ಕೆ ತಕ್ಕ ಪ್ರಾಣಿ ಯಾವುದಿತ್ತು? ಆನೆಯಿಲ್ಲ, ಕಾಡುಕೋಣವಿಲ್ಲ. ಕೃಷ್ಣೆ ತುಂಗಭದ್ರೆಗಳ ನಡುವಿನ ಕರಿಯ ಭೂಮಿಯಲ್ಲಿ ಚಿಗರೆ, ತೋಳ. ಕಲ್ಲುಗುಡ್ಡಗಳಲ್ಲಿ ಚಿರತೆ, ಕರಡಿ. ಇವುಗಳಲ್ಲಿ ಕರಡಿಯ ಸ್ವಭಾವ ಮಾತ್ರ ನಿಜವಾಗಿಯೂ ಭಯಂಕರ. ಅರಸೀಕೆರೆಯ ಹತ್ತಿರ ಅನೇಕರನ್ನು ಕೊಂದು, ಕಣ್ಣುಮೂಗು ಕಿತ್ತು ಅಂಗಹೀನರನ್ನಾಗಿ ಮಾಡಿದ ಕರಡಿಯೊಂದನ್ನು ಹೊಡೆದ ವೃತ್ತಾಂತವನ್ನು ಆಂಡರ್‌ಸನ್ನರು ಬರೆದಿದ್ದಾರೆ. ಆದರೂ ಕರಡಿಗೆ 500 ನೈಟ್ರೋ ಬೇಕಿರಲಿಲ್ಲ. ಪೊದೆಯಲ್ಲಿ ಅಡಗಿದ ಗಾಯದ ಚಿರತೆಗಂತೂ ದಪ್ಪ ಚರೆಯ ಹನ್ನೆರಡು ಬೋರೇ ಮೇಲೆಂದು ಅನುಭವಿಗಳ ಮತ. ಬೇಟೆಯ ಮಾತಿನಲ್ಲಿ ಮಸ್ಕಿಯ ಹೆಸರು ಬಂದದ್ದರಿಂದ ಒಂದು ಸಂಗತಿ ನೆನಪಾಗುತ್ತದೆ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರನಿಗೆ ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನ ಸಿಕ್ಕಿತು. ಅದುವರೆಗೆ ಬರಿಯ ‘ದೇವಾನಾಂಪ್ರಿಯ’ನಾಗಿದ್ದ ಅರಸನ ಹೆಸರು ಅಶೋಕನೆಂದು ಖಚಿತವಾದದ್ದು ಆ ಬಂಡೆಯಿಂದ. ಹಿಂದಿನ ಅರಸರು ಬೇಟೆಯ ವಿಹಾರಯಾತ್ರೆಗೆ ಹೋಗುತ್ತಿದ್ದರು, ತಾನು ಅದನ್ನು ಬಿಟ್ಟು ಧರ್ಮಯಾತ್ರೆ ಹಿಡಿದೆನೆಂದು ಇದೇ ಅರಸನು ಬೇರೆಡೆಯ ತನ್ನ ಎಂಟನೆಯ ಶಿಲಾಶಾಸನದಲ್ಲಿ ಬರೆಯಿಸಿದ್ದಾನೆ.

ನಮ್ಮ ದೇಶದಲ್ಲಿ ಬೇಟೆಗೆ ಬಿಗಿಯಾದ ತಡೆ ಬಂದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ. ಅದಕ್ಕೆ ಮೊದಲೇ ದೊಡ್ಡ ತೋಟಾಗಳ ಕಾಲ ಮುಗಿಯುತ್ತ ಬಂದಿತ್ತು. 1956ರಲ್ಲಿ ಅಮೇರಿಕದವರು 458 ವಿಂಚೆಸ್ಟರನ್ನು ತಂದು, ಜೋಡುನಳಿಗೆಯ ಕೆಲಸವನ್ನು ಸಾಮಾನ್ಯ ಬೆಲೆಯ ರೈಫಲಿನಿಂದ ಮಾಡಿಸತೊಡಗಿದರು. 1960ರ ದಶಕದಲ್ಲಿ ಇಂಗ್ಲೆಂಡಿನ ಕೈನಾಕ್ ಕಂಪನಿಯು ಕಾರ್ಡೈಟಿನ ದೊಡ್ಡ ತೋಟಾಗಳನ್ನು ಮಾಡುವುದನ್ನೇ ಕೈಬಿಟ್ಟಿತು. ಈಗ ಪುಂಡಾನೆಯೋ ನರಭಕ್ಷಕವೋ ಹುಟ್ಟಿಕೊಂಡರೆ ಮುಖ್ಯ ವನ್ಯಜೀವಿ ಪರಿಪಾಲಕರ ಅಪ್ಪಣೆಯಿಲ್ಲದೆ ಯಾರೂ ಮುಟ್ಟುವಂತಿಲ್ಲ. ಹೆಚ್ಚಾಗಿ ಅರಿವಳಿಕೆಯ ಚುಚ್ಚುಬಾಣವನ್ನು ಹೊಡೆದು ಹಿಡಿಯುತ್ತಾರೆ. ಅದು ಸುಲಭದ ಕೆಲಸವೆಂದು ಯಾರೂ ತಿಳಿಯಬಾರದು. ದೊಡ್ಡ ಬೋರಿನ ಗುಂಡು ನಿಂತಲ್ಲಿಯೇ ಕೆಡವಬಹುದು. ಚುಚ್ಚುಬಾಣದ ಮದ್ದು ಏರಬೇಕಾದರೆ ನಿಮಿಷಗಳು ಬೇಕು, ಆ ನಿಮಿಷಗಳಲ್ಲಿ ಆನೆ ಆನೆಯಾಗಿಯೇ ಇರುತ್ತದೆ. 2023ರ ಆಗಸ್ಟಿನಲ್ಲಿ ಹಾಸನ ಜಿಲ್ಲೆಯ ಆಲೂರು ತಾಲೂಕಿನಲ್ಲಿ, ಗಾಯಗೊಂಡ ಆನೆಗೆ ಚಿಕಿತ್ಸೆ ಮಾಡಿಸುವುದಕ್ಕಾಗಿ ಬಾಣ ಹೊಡೆದ ನುರಿತ ಅನುಭವಿಯೊಬ್ಬರು ಅದೇ ಆನೆಯ ಕಾಲಿಗೆ ಸಿಕ್ಕು ತೀರಿಕೊಂಡರು.

ಈಗ ನಮ್ಮ ಗೃಹಸ್ಥರ ಹಂದಿಯ ಪ್ರಶ್ನೆ. ಅಪ್ಪಣೆಯಿಲ್ಲದೆ ಹಂದಿ ಹೊಡೆಯುವುದು ಅಪರಾಧವೆಂಬುದು ಒಂದು. ಕಾಲುವೆಯ ಕೆಳಗಿನ ಗದ್ದೆಬಯಲು ಅಂಗೈಯಂತೆ ಸಮತಟ್ಟು, ಗುಂಡನ್ನು ತಡೆಯಲು ಅಲ್ಲೊಂದು ದಿಬ್ಬವೂ ಇಲ್ಲವೆಂಬುದು ಇನ್ನೊಂದು. ಮೂರು ತೊಲದ ಕವಚದ ಗುಂಡು ಹಂದಿಯನ್ನು ದಾಟಿ ಮೈಲಿಗೂ ಮಿಕ್ಕಿ ಹೋಗುತ್ತದೆ. ಆಚೆಯ ಬದುವಿನ ಮೇಲೆ ನೀರು ಕಟ್ಟಲು ನಿಂತವನು ರಾತ್ರಿ ಕಾಣಿಸುವುದಿಲ್ಲ.

ರೈಫಲಿನ ನಿಜವನ್ನು ತಿಳಿಯಬೇಕಾದರೆ ನಳಿಗೆಗಳನ್ನು ಬಿಚ್ಚಿ ಅವುಗಳ ಅಡಿಯನ್ನು ನೋಡತಕ್ಕದ್ದು. ಲಂಡನ್ನಿನಲ್ಲಾಗಲಿ ಬರ್ಮಿಂಗ್‌ಹ್ಯಾಮಿನಲ್ಲಾಗಲಿ ಪರೀಕ್ಷೆಯಾದ ನಳಿಗೆಯ ಮೇಲೆ ಅದರ ಮುದ್ರೆ ಇರುತ್ತದೆ. ನೈಟ್ರೋಕ್ಕೆ ತಕ್ಕುದಾದರೆ ‘ಕಾರ್ಡೈಟ್’ ಎಂಬ ಮಾತೂ, ಮದ್ದು ಇಷ್ಟು ಗ್ರೇನು, ಗುಂಡು ಇಷ್ಟು ಗ್ರೇನು, ಇದಕ್ಕೆ ಮೀರಕೂಡದು ಎಂಬ ಅಂಕೆಗಳೂ ಸಾಮಾನ್ಯವಾಗಿ ಕೊರೆದಿರುತ್ತವೆ. ಅದಿಲ್ಲವಾದರೆ ಅದು ಕಪ್ಪು ಮದ್ದಿನದೆಂದೇ ಭಾವಿಸತಕ್ಕದ್ದು. ಈ ಕೆಲಸವನ್ನೂ ತಾವೇ ಮಾಡಹೋಗದೆ ಪರವಾನಿಗೆಯುಳ್ಳ ಬಂದೂಕು ವ್ಯಾಪಾರಿಯಿಂದ ಮಾಡಿಸುವುದು ಲೇಸು. ನಮ್ಮ ತಾಯಿಯ ಕಡೆಯ ಹಿರಿಯರೊಬ್ಬರು ಎಡಗೈಯ ಮೂರೇ ಬೆರಳುಗಳಿಂದ ಚಹದ ಬಟ್ಟಲು ಹಿಡಿಯುತ್ತಿದ್ದುದು ನಮ್ಮ ಚಿಕ್ಕಂದಿನ ನೆನಪು. ಬಾಯಿಂದ ಮದ್ದು ತುಂಬುವ ಬಂದೂಕಿಗೆ ಒಮ್ಮೆ ತುಂಬಿದ್ದನ್ನು ಮರೆತು ಮತ್ತೊಮ್ಮೆ ತುಂಬಿದ್ದರಂತೆ. ಅವರು ಅದನ್ನು ನಗುತ್ತಲೇ ಹೇಳುತ್ತಿದ್ದರು. ಅವರ ಹೆಂಡತಿ ಮಾತ್ರ ಆ ಮಾತು ಬಂದಾಗ ಎದ್ದು ಒಳಗೆ ಹೋಗುತ್ತಿದ್ದರು.

ಕಾಯಿದೆಯ ವಿಷಯದಲ್ಲಿ ಗೃಹಸ್ಥರು ಏನೂ ಕೇಳಿರಲಿಲ್ಲವಾದರೂ ನಾವಾಗಿಯೇ ಹೇಳಿದೆವು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಿಗೆಯಿಲ್ಲದೆ ಬಂದೂಕನ್ನಷ್ಟೇ ಅಲ್ಲ, ತೋಟಾವನ್ನು ಇಟ್ಟುಕೊಳ್ಳುವುದೂ ಅಪರಾಧ. ಮುತ್ತಜ್ಜನ ವಸ್ತುವೆಂದರೆ ಕಾಯಿದೆ ಕೇಳುವುದಿಲ್ಲ. ಕಂಡೊಡನೆ ಪೊಲೀಸ್ ಠಾಣೆಗೆ ತಿಳಿಸಿ, ಅಲ್ಲಿ ಇಲ್ಲವೆ ಪರವಾನಿಗೆಯ ವ್ಯಾಪಾರಿಯಲ್ಲಿ ಇಡುಗಂಟಾಗಿ ಒಪ್ಪಿಸಿ, ರಸೀತಿ ಪಡೆದು, ಉಳಿಸಿಕೊಳ್ಳುವ ಇಚ್ಛೆಯಿದ್ದರೆ ಜಿಲ್ಲಾಧಿಕಾರಿಗಳಿಗೆ ಅರ್ಜಿ ಹಾಕಬೇಕು. 2019ರ ತಿದ್ದುಪಡಿಯಿಂದ ಒಬ್ಬರ ಹೆಸರಿನಲ್ಲಿ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕುಗಳಿರುವಂತಿಲ್ಲ. ಮಾರುವುದಾದರೂ ಪರವಾನಿಗೆಯುಳ್ಳವರಿಗೇ ಮಾರಬೇಕು. ಆದ್ದರಿಂದ ಹಿರಿಯ ಮಗನ ಒಳ್ಳೆಯ ಬೆಲೆಯ ಲೆಕ್ಕವೂ ಅಷ್ಟು ಸುಲಭದ್ದಲ್ಲ.

ಇದನ್ನು ಬರೆದು ಮುಗಿಸುವಷ್ಟರಲ್ಲಿ ಅವರ ಎರಡನೆಯ ಕಾಗದ ಬಂದಿತು. ಠಾಣೆಗೆ ತಿಳಿಸಿದ್ದಾರೆ, ತೋಟಾಗಳನ್ನು ಪೊಲೀಸಿನವರು ಎಣಿಸಿ ತೆಗೆದುಕೊಂಡು ಹೋಗಿದ್ದಾರೆ, ರೈಫಲು ಒಬ್ಬ ವ್ಯಾಪಾರಿಯಲ್ಲಿದೆ. ವ್ಯಾಪಾರಿಯು ನಳಿಗೆ ಬಿಚ್ಚಿ ನೋಡಿದನು: ಕಾರ್ಡೈಟಿನ ಮುದ್ರೆಯಿಲ್ಲ. ನಳಿಗೆ ಕೂರುವ ಸಂದಿನಲ್ಲಿ, ಬಲಮಗ್ಗುಲಿಗೆ, ಕೂದಲೆಳೆಯಂಥ ಬಿರುಕೊಂದಿದೆ. ಡಬ್ಬಿಯ ಚೀಟಿಯ ಮೇಲೆ ಹತ್ತು ಎಂದು ಇದ್ದು ಒಳಗೆ ಒಂಬತ್ತೇ ಏಕಿದ್ದವೆಂದು ತಾವು ವಿಚಾರಿಸಿರಲೇ ಇಲ್ಲವೆಂದು ಗೃಹಸ್ಥರು ಬರೆಯುತ್ತಾರೆ. ತೊಂಬತ್ತರ ಗಡಿಯಲ್ಲಿರುವ ಅವರ ಸೋದರತ್ತೆಯವರನ್ನು ಕೇಳಿದಾಗ, ತನ್ನ ತಂದೆ ಹೈದರಾಬಾದಿನಿಂದ ಆ ಡಬ್ಬಿಯನ್ನು ತರಿಸಿ ಒಂದೇ ಒಂದು ಸಲ ಹೊಲದಲ್ಲಿ ಹಾರಿಸಿದರು, ಆ ಸಂಜೆಯೇ ಬಂದೂಕನ್ನು ಕಂಬಳಿಯಲ್ಲಿ ಸುತ್ತಿ ಅಟ್ಟಕ್ಕೇರಿಸಿದರು, ಏಕೆಂದು ಯಾರಿಗೂ ಹೇಳಲಿಲ್ಲ ಎಂದರಂತೆ. ಅಜ್ಜನವರ ಬಲಗಿವಿ ಮಂದವಾಗಿತ್ತೆಂಬುದು ಮಾತ್ರ ಮನೆಯಲ್ಲಿ ಎಲ್ಲರಿಗೂ ನೆನಪಿದೆ. ಕಿರಿಯ ಮಗನು ಈಗ ಗದ್ದೆಯ ಸುತ್ತ ತಂತಿಬೇಲಿ ಹಾಕಿಸುವ ವಿಚಾರದಲ್ಲಿದ್ದಾನೆ. ಯಾವ ಬೇಲಿಗೆ ಎಷ್ಟು ಖರ್ಚೆಂದು ಮುಂದಿನ ಸಂಚಿಕೆಯಲ್ಲಿ ತಿಳಿಸಬೇಕೆಂದು ಕೇಳಿಕೊಂಡಿದ್ದಾರೆ.